ಕಳೆದುಹೋದ ಮೂವತ್ತೆಂಟು ಹೆಸರು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಪುಟ್ಟಿ ಸಲಕರಣೆ ಮನೆಯ ಬೀಗ ತೆಗೆದು, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಮೊದಲ ಸಾಲಿನ ಗಾಲಿಕುರ್ಚಿಯ ಬೆನ್ನು ಒರೆಸಲು ಬಟ್ಟೆ ಹಿಡಿದು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ಫಲಕ ಇರಲಿಲ್ಲ!

ಪಕ್ಕದ ಕುರ್ಚಿ ನೋಡಿದಳು — ಇಲ್ಲ. ಅದರಾಚೆಯದು — ಇಲ್ಲ. ಮಂಚಗಳ ತಲೆಕಡೆ, ವಾಕರುಗಳ ಅಡ್ಡಪಟ್ಟಿ, ಉಸಿರಾಟದ ಯಂತ್ರದ ನೆತ್ತಿ — ಎಲ್ಲಿ ನೋಡಿದರೂ ಅಂಗೈಯಗಲದ ಒಂದು ಚೌಕ, ಸುತ್ತಲಿನ ಬಣ್ಣಕ್ಕಿಂತ ಹೊಸದಾಗಿ ಹೊಳೆಯುತ್ತಿತ್ತು. 'ದೊಡ್ಡಮ್ಮನವರ ಕೊಡುಗೆ' ಎಂದು ಕೆತ್ತಿದ ಹಿತ್ತಾಳೆ ಫಲಕಗಳು ಶನಿವಾರ ಸಂಜೆ ಬಾಗಿಲು ಹಾಕುವಾಗ ಇದ್ದವು. ಅವಳೇ ಉಜ್ಜಿದ್ದಳು. ಈಗ ಎಣಿಸಿದರೆ ಮೂವತ್ತೆಂಟು ಸಲಕರಣೆ, ಒಂದರ ಮೇಲೂ ಹೆಸರಿಲ್ಲ.

ಬೀಗ ಸರಿಯಾಗಿತ್ತು. ಕಿಟಕಿಯ ಸರಳುಗಳು ಸರಿಯಾಗಿದ್ದವು. ಮಾರಿದರೆ ಒಂದು ಸಂಸಾರ ವರ್ಷವಿಡೀ ಉಣ್ಣಬಹುದಾದ ಉಸಿರಾಟದ ಯಂತ್ರ ಇದ್ದಲ್ಲೇ ಇತ್ತು. ಅದನ್ನು ಬಿಟ್ಟು ತಗಡು ಕದಿಯುವ ಕಳ್ಳ ಎಂಥವನು?

ಈ ಪ್ರಶ್ನೆಗೆ ಊರಿನ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆಂದು ಪುಟ್ಟಿಗೆ ಗೊತ್ತಿತ್ತು.

ಪುಟ್ಟಿ ಎಂದರೆ ಚಿಕ್ಕ ಹುಡುಗಿಯಲ್ಲ. ನಲವತ್ತೆರಡು ತುಂಬಿತ್ತು, ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಅವಳ ಸೋದರಮಾವ ಅದೇ ಮನೆಯಲ್ಲಿ ರಿಪೇರಿ ಕೆಲಸಕ್ಕಿದ್ದು, ಬೆಳಗಿನಿಂದ ಸಂಜೆತನಕ 'ಪುಟ್ಟೀ' ಎಂದು ಕೂಗುತ್ತಿದ್ದರಿಂದ, ಸಲಕರಣೆ ಕೇಳಿಕೊಂಡು ಬರುವವರಿಗೂ ಅವಳು ಪುಟ್ಟಿಯೇ ಆಗಿಹೋಗಿದ್ದಳು. ಹಾಗೇ ಅವಳ ಮಾವ ಎಲ್ಲರಿಗೂ ಮಾವ. ಈ ಮಾವ ಇಪ್ಪತ್ತೈದು ವರ್ಷದ ಹಿಂದೆ, ಕೈಯಲ್ಲಿ ಕೆಲಸವಿಲ್ಲದ ಕಾಲದಲ್ಲಿ, ಕಟ್ಟುತ್ತಿದ್ದ ಮನೆಯೊಂದರಿಂದ ಹಿತ್ತಾಳೆ ನಲ್ಲಿಗಳನ್ನು ಬಿಚ್ಚಿ ಮಾರಿ, ಸಿಕ್ಕಿಬಿದ್ದು, ಮೂರು ತಿಂಗಳು ಜೈಲಿನಲ್ಲಿದ್ದು ಬಂದವನು. ಅದಾದ ಮೇಲೆ ಇನ್ನೊಬ್ಬರ ಒಂದು ಮೊಳೆಯನ್ನೂ ಮುಟ್ಟಿದವನಲ್ಲ. ಆದರೆ ಊರು ಅಂಥದ್ದನ್ನೆಲ್ಲ ಬಹಳ ಜೋಪಾನವಾಗಿ ನೆನಪಿಟ್ಟುಕೊಂಡಿರುತ್ತದೆ.

ಸಲಕರಣೆ ಮನೆಯ ವಿಷಯವೂ ಒಂದು ಮಾತು ಹೇಳಬೇಕು. ಮನೆಯಲ್ಲಿ ಯಾರಾದರೂ ಬಿದ್ದು ಸೊಂಟ ಮುರಿದುಕೊಂಡರೆ, ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದರೆ, ಬೇಕಾದ ಗಾಲಿಕುರ್ಚಿ, ಮಂಚ, ವಾಕರು ಇಲ್ಲಿಂದ ಪುಕ್ಕಟೆಯಾಗಿ ಒಯ್ಯಬಹುದು. ಕೆಲಸ ಮುಗಿದ ಮೇಲೆ ಒರೆಸಿ ತಂದುಕೊಟ್ಟರೆ ಸಾಕು. ಇದೆಲ್ಲ ದೊಡ್ಡಮ್ಮನವರದು. ಸ್ವಿಚ್ಚು ತಯಾರಿಸುವ ಕಾರ್ಖಾನೆಯ ಒಡತಿ. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯನ್ನು ಮಗನಿಗೆ ಬಿಟ್ಟು, ತಾವು ಕೊಡುವ ಕೆಲಸಕ್ಕೆ ನಿಂತರು. ವಾಚನಾಲಯದ ಮಾಡು, ಕಿವುಡ ಮಕ್ಕಳ ಶಾಲೆಯ ವ್ಯಾನು, ದಾದಿಯರ ಸಂಘದ ಸಭಾಂಗಣ — ಊರಿನ ಅರ್ಧ ಸಂಘಸಂಸ್ಥೆಗಳು ಅವರ ನೆರಳಿನಲ್ಲೇ ಉಸಿರಾಡುತ್ತಿದ್ದವು.

ಒಂಬತ್ತು ಗಂಟೆಗೆ ಮೇಷ್ಟ್ರು ಬಂದರು. ಸಲಕರಣೆ ಮನೆಯ ಕಾರ್ಯದರ್ಶಿ. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಶಾಲೆ ಅವರಿಂದ ನಿವೃತ್ತವಾಗಿರಲಿಲ್ಲ. ಒಂದು ಸುತ್ತು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಏನೂ ಹೊರಗೆ ಹೋಗಕೂಡದು" ಎಂದರು.

"ಮೇಷ್ಟ್ರೇ, ಹತ್ತೂವರೆಗೆ ಟೈಲರ್ ಬರ್ತಾರೆ. ಅವರ ಹೆಂಡತೀನ ಮೂರು ಗಂಟೆಗೆ ಆಸ್ಪತ್ರೆಯಿಂದ ಕಳಿಸ್ತಾರಂತೆ. ಮಂಚ, ಕುರ್ಚಿ ಎರಡೂ ಬರೆದಿಟ್ಟಿದೀವಿ."

"ನಿಯಮ ಏಳು ಏನು ಹೇಳುತ್ತೆ?"

ಪುಟ್ಟಿ ಗೋಡೆಯ ಕಡೆ ನೋಡಿದಳು. ನಿಯಮ ಏಳು ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ಕೂತಿತ್ತು. 'ಫಲಕವಿಲ್ಲದ ಯಾವ ಸಲಕರಣೆಯೂ ಈ ಮನೆಯ ಹೊಸ್ತಿಲು ದಾಟತಕ್ಕದ್ದಲ್ಲ.' ಶುರುವಿನ ವರ್ಷ ಕೆಲವರು ಕುರ್ಚಿಗಳನ್ನು ಒಯ್ದು ಸಂತೆಯಲ್ಲಿ ಮಾರಿಕೊಂಡಾಗ ದೊಡ್ಡಮ್ಮನವರೇ ತಮ್ಮ ಕೈಯಾರೆ ಬರೆದಿದ್ದ ನಿಯಮ. ಹೆಸರು, ಅದರ ಕೆಳಗೆ ಸಲಕರಣೆಯ ನಂಬರು. ಹೆಸರು ಕಂಡರೆ ಕೊಳ್ಳುವವನು ಹಿಂದೇಟು ಹಾಕುತ್ತಾನೆಂಬ ಲೆಕ್ಕಾಚಾರ.

"ದೊಡ್ಡಮ್ಮನವರಿಗೆ ಒಂದು ಫೋನ್ ಮಾಡೋಣ್ವಾ?"

"ಬೇಡ! ಎಂಬತ್ತರ ಹತ್ತಿರ ಬಂದ ಜೀವ. ತಮ್ಮ ಹೆಸರನ್ನೇ ಯಾರೋ ಕಿತ್ತುಕೊಂಡು ಹೋದರು ಅಂತ ಕೇಳಿದರೆ ತಡ್ಕೋತಾರಾ? ಮೊದಲು ಪೊಲೀಸರು. ಕಳ್ಳ ಸಿಗಲಿ. ಆಮೇಲೆ ತಿಳಿಸೋಣ." ಮೇಷ್ಟ್ರು ದನಿ ತಗ್ಗಿಸಿದರು. "ನಿನ್ನ ಮಾವ ಎಲ್ಲಿ?"

ಬಂತಲ್ಲ, ಅಂದುಕೊಂಡಳು ಪುಟ್ಟಿ.

ಮಾವ ಹಿತ್ತಲ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಒಳಗೆ ಬಂದು ನೋಡಿ, ಬಾಯಿ ತೆರೆದವನು ಮುಚ್ಚಲಿಲ್ಲ.

"ನಿನ್ನೆ ಭಾನುವಾರ ಎಲ್ಲಿದ್ದೆಯಪ್ಪಾ?" ಮೇಷ್ಟ್ರು ಕೇಳಿದರು.

"ಮನೇಲಿ."

"ಯಾರಿದ್ದರು ಜೊತೆಗೆ?"

"ನಂಜೊತೆ ಯಾರಿರ್ತಾರೆ ಮೇಷ್ಟ್ರೇ? ನಾನು, ನನ್ನ ರೇಡಿಯೋ."

"ಬೀಗ ಒಡೆದಿಲ್ಲ. ಕೀಲಿ ಇರೋದು ಮೂರು. ಒಂದು ನನ್ನ ಹತ್ತಿರ. ಒಂದು ನಿನ್ನ ಸೊಸೆ ಹತ್ತಿರ."

"ಮೂರನೇದು?"

"ಅದು ದೊಡ್ಡಮ್ಮನವರ ಬೀರುವಿನಲ್ಲಿದೆ. ಆ ಮಾತು ಬಿಡು. ನಿನ್ನ ಸೊಸೆಯ ಕೀಲಿ ನಿನ್ನ ಕೈಗೆ ಸಿಗುತ್ತೋ ಇಲ್ಲವೋ?"

ಮಾವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಅದನ್ನು ನೋಡಿ ಪುಟ್ಟಿಗೆ ಹೋದ ವಾರದ ಒಂದು ಮಾತು ನೆನಪಾಯಿತು. ಕುರ್ಚಿಗೆ ಒರಗಿದ್ದ ಒಬ್ಬ ಅಜ್ಜಿಯ ಶಾಲು ಫಲಕದ ಮೂಲೆಗೆ ಸಿಕ್ಕಿ ಹರಿದಾಗ ಇದೇ ಮಾವ ಗೊಣಗಿದ್ದ — 'ಈ ತಗಡನ್ನೆಲ್ಲ ಒಂದಿನ ಕಿತ್ತು ಬಿಸಾಕ್ತೀನಿ, ನೋಡ್ತಿರು.' ಒಂದು ಗಳಿಗೆ, ಒಂದೇ ಗಳಿಗೆ, ಪುಟ್ಟಿಯ ಮನಸ್ಸು ಅನುಮಾನದ ಕಡೆ ವಾಲಿತು. ಮರುಕ್ಷಣ ತನ್ನ ಮೇಲೇ ಅಸಹ್ಯವಾಯಿತು. ಅಪ್ಪನಿಲ್ಲದ ತನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನು.

"ಮಾವ ಮಾಡಿಲ್ಲ" ಎಂದಳು. ದನಿ ತನಗೇ ಸಣ್ಣದಾಗಿ ಕೇಳಿಸಿತು.

"ನಾನೂ ಮಾಡಿದಾನೆ ಅಂತ ಹೇಳಲಿಲ್ಲವಲ್ಲ. ಹನ್ನೆರಡು ಗಂಟೆಗೆ ಪೊಲೀಸರಿಗೆ ಬರೆದುಕೊಡ್ತೀನಿ. ಅವರು ಕೇಳಿಕೊಳ್ಳಲಿ."

ಅಷ್ಟರಲ್ಲಿ ಬಾಗಿಲಲ್ಲಿ ಟಕ್ ಟಕ್ ಸದ್ದಾಯಿತು. ವಾಕರನ್ನು ತಳ್ಳಿಕೊಂಡು ಬಂದವರು ಸರ್ವೇಯರಮ್ಮ. ವಿಮಾ ಕಂಪನಿಗೆ ಮೂವತ್ತು ವರ್ಷ ನಷ್ಟ ಅಳೆದವರು. ಎಲ್ಲಿ ಬೆಂಕಿ ಬಿದ್ದರೂ, ಎಲ್ಲಿ ಗೋದಾಮು ಲೂಟಿಯಾದರೂ ಹೋಗಿ ನೋಡಿ, ನಿಜವೋ ನಾಟಕವೋ ಎಂದು ಬರೆಯುವುದು ಅವರ ಕೆಲಸವಾಗಿತ್ತು. ಎರಡು ತಿಂಗಳ ಹಿಂದೆ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡು ಇಲ್ಲಿಂದ ವಾಕರು ಒಯ್ದಿದ್ದರು.

"ತಗೊಳ್ಳಮ್ಮ ಪುಟ್ಟಿ, ನಿಮ್ಮ ವಾಕರು. ಇನ್ನು ನನಗೆ ಎರಡೇ ಕಾಲು ಸಾಕು" ಎಂದು ನಕ್ಕವರು, ಮೂವರ ಮುಖ ನೋಡಿ ನಗು ನಿಲ್ಲಿಸಿದರು. "ಯಾರು ಹೋದರು?"

"ಯಾರೂ ಹೋಗಿಲ್ಲ ಸರ್ವೇಯರಮ್ಮ. ಹೆಸರಿನ ಪ್ಲೇಟುಗಳು ಹೋದವು."

ನಡೆದದ್ದನ್ನು ಪುಟ್ಟಿ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ ತಡೆಯಲಾಗದೆ, "ನಮ್ಮ ಮಾವನ ಮೇಲೆ ಬರೆದುಕೊಡ್ತಾರಂತೆ" ಎಂದಾಗ ಕಣ್ಣು ತುಂಬಿತು. ಸರ್ವೇಯರಮ್ಮ ಅವಳ ಬೆನ್ನು ಸವರಿದರು.

"ಅಳಬೇಡ. ನಷ್ಟ ಎಷ್ಟು ಅಂತ ಮೊದಲು ನೋಡೋಣ. ಮೇಷ್ಟ್ರೇ, ನಾನು ಮೂಗು ತೂರಿಸಬಹುದಾ?"

"ಹನ್ನೆರಡರ ತನಕ ತೂರಿಸಿ" ಎಂದರು ಮೇಷ್ಟ್ರು.

ಸರ್ವೇಯರಮ್ಮ ಮೊದಲ ಕುರ್ಚಿಯ ಹಿಂದೆ ಬಗ್ಗಿದರು. ಬೆರಳಿಂದ ಆ ಚೌಕವನ್ನು ಸವರಿದರು. ಎರಡನೆಯದಕ್ಕೆ ಹೋದರು. ಮೂರನೆಯದು. ಕೊನೆಯ ಸಾಲಿನ ತನಕ ಕುಂಟುತ್ತ ಹೋಗಿ, ಅಲ್ಲಿ ಮಂಚದ ಪಕ್ಕ ಇದ್ದ ಮರದ ಸ್ಟೂಲಿನ ಮುಂದೆ ನಿಂತರು.

"ಇದರ ಜಾಗ ಇದೇನಾ?"

"ಅಲ್ಲ" ಪುಟ್ಟಿ ಹೇಳಿದಳು. "ಅದು ನಂದು. ಕೌಂಟರ್ ಹಿಂದೆ ಇರುತ್ತೆ. ಬೆಳಿಗ್ಗೆಯಿಂದ ನಾನು ಕೂತೇ ಇಲ್ಲ, ಗಮನಿಸಲಿಲ್ಲ."

"ಶನಿವಾರ ಸಂಜೆ?"

"ನೆಲ ಒರೆಸಿ ಕೌಂಟರಿನ ಹಿಂದೇನೇ ಇಟ್ಟು ಹೋಗಿದ್ದೆ."

"ಅಂದರೆ ಕಳ್ಳ ಕೂತುಕೊಂಡು ಕದ್ದ." ಸರ್ವೇಯರಮ್ಮ ಮಾವನ ಕಡೆ ತಿರುಗಿದರು. "ನೀನು ಕೆಲಸ ಮಾಡೋವಾಗ ಸ್ಟೂಲ್ ಮೇಲೆ ಕೂರ್ತೀಯಾ?"

"ನಾನಾ? ಕುಕ್ಕರಗಾಲೇ ನನ್ನ ಸ್ಟೂಲು."

"ಅದರಿಂದ ಏನೂ ಸಾಬೀತಾಗಲ್ಲ" ಎಂದರು ಮೇಷ್ಟ್ರು. "ಮೂವತ್ತೆಂಟು ಫಲಕ ಬಿಚ್ಚೋದರಲ್ಲಿ ಯಾರಿಗೂ ಕಾಲು ಸೋಲುತ್ತೆ."

"ನಿಜ. ಇದಕ್ಕೇನಂತೀರಿ?" ಸರ್ವೇಯರಮ್ಮ ಮೊದಲ ಕುರ್ಚಿಗೆ ಬಂದು ಬೆರಳಿಟ್ಟು ತೋರಿಸಿದರು. "ಸ್ಕ್ರೂಗಳು ಎಲ್ಲಿ ಹೋದವು?"

ಪುಟ್ಟಿ ಬಗ್ಗಿ ನೋಡಿದಳು. ಸ್ಕ್ರೂಗಳು ಎಲ್ಲಿಗೂ ಹೋಗಿರಲಿಲ್ಲ. ಫಲಕ ಬಿಚ್ಚಿದ ಮೇಲೆ ನಾಲ್ಕೂ ಮೂಲೆಯ ತೂತುಗಳಿಗೆ ಆಯಾ ಸ್ಕ್ರೂವನ್ನೇ ಮತ್ತೆ ಬಿಗಿದಿದ್ದರು. ಪಕ್ಕದ ಕುರ್ಚಿಯಲ್ಲೂ ಹಾಗೇ. ಎಲ್ಲದರಲ್ಲೂ ಹಾಗೇ.

"ನೂರೈವತ್ತೆರಡು ಸ್ಕ್ರೂ" ಎಂದರು ಸರ್ವೇಯರಮ್ಮ. "ಕಳ್ಳನಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತೆ? ಹಿತ್ತಾಳೆ ಆಸೆಗೆ ಬಂದವನು ಹಿತ್ತಾಳೆ ಸ್ಕ್ರೂನ ಯಾಕೆ ಬಿಟ್ಟು ಹೋಗ್ತಾನೆ? ಬರೀ ತೂತಿದ್ದರೆ ಅದರ ಅಂಚು ಕೈಗೆ ಬಟ್ಟೆಗೆ ತಗುಲುತ್ತೆ. ಅಲ್ಲಿ ಕೂರೋರಿಗೆ ನೋವಾಗಬಾರದು ಅಂತ ಯೋಚನೆ ಮಾಡಿದ ಕೈ ಇದು."

"ಹಾಗಾದರೆ ಇನ್ನೂ ಕೆಟ್ಟದಾಯಿತು" ಎಂದರು ಮೇಷ್ಟ್ರು, ಈ ಸಲ ನಿಜವಾದ ಸಂಕಟದಿಂದ. "ಈ ಮನೇಲಿ ಕೂರೋರ ನೋವಿನ ಬಗ್ಗೆ ಅಷ್ಟು ಯೋಚನೆ ಮಾಡೋನು ಒಬ್ಬನೇ. ಅವನ ಹತ್ತಿರ ಸ್ಕ್ರೂಡ್ರೈವರೂ ಇದೆ."

ಮಾವ ತಲೆ ತಗ್ಗಿಸಿದ. ಹೊಗಳಿಕೆ ಎಂಥ ಜಾಗದಲ್ಲಿ ಬಂದು ಕುತ್ತಿಗೆಗೆ ಬಿತ್ತು ನೋಡಿ!

ಅಷ್ಟರಲ್ಲಿ ಟೈಲರ್ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಹೊರಗೆ ಸಾಮಾನಿನ ಗಾಡಿಯನ್ನು ನಿಲ್ಲಿಸಿ ಬಂದಿದ್ದರು. ವಿಷಯ ತಿಳಿದು, ಬೆಂಚಿನ ಮೇಲೆ ಕೂತುಬಿಟ್ಟರು. "ಅವಳನ್ನ ನೆಲದ ಮೇಲೆ ಮಲಗಿಸಬಾರದು ಅಂದಿದಾರೆ ಡಾಕ್ಟ್ರು" ಎಂದರು. ಜಗಳವಾಡಲಿಲ್ಲ, ಬೇಡಿಕೊಳ್ಳಲಿಲ್ಲ. ಟೇಪನ್ನು ಸುತ್ತುವುದು, ಬಿಚ್ಚುವುದು ಮಾಡುತ್ತ ಕೂತರು. ಮೇಷ್ಟ್ರು ಅವರ ಕಡೆ ನೋಡದಂತೆ ಗೋಡೆಯ ನಿಯಮವನ್ನು ನೋಡಿದರು.

ಸರ್ವೇಯರಮ್ಮ ತಾವು ತಂದ ವಾಕರನ್ನು ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡರು. ಎರಡು ತಿಂಗಳು ಅವರ ಮನೆಯಲ್ಲಿದ್ದ ಕಾರಣ ಅದರ ಫಲಕವೊಂದು ಉಳಿದುಕೊಂಡಿತ್ತು.

"ಇದನ್ನ ಹಾಕಿದ್ದು ಯಾರು?"

"ನಾನೇ" ಎಂದ ಮಾವ. "ಇಲ್ಲಿರೋ ತಗಡೆಲ್ಲ ನಾನೇ ಹಾಕಿದ್ದು."

"ಪುಟ್ಟಿ, ಇಲ್ಲಿ ಬಾ. ಈ ವಾಕರಿನ ನಾಲ್ಕು ಸ್ಕ್ರೂ ನೋಡು. ಆಮೇಲೆ ಕುರ್ಚಿಯ ನಾಲ್ಕು ಸ್ಕ್ರೂ ನೋಡು. ಏನು ವ್ಯತ್ಯಾಸ?"

ಪುಟ್ಟಿ ನೋಡಿದಳು. ಮತ್ತೆ ನೋಡಿದಳು. ಸ್ಕ್ರೂ ಎಂದರೆ ಸ್ಕ್ರೂ. ಗುಂಡು ತಲೆ, ತಲೆಯ ಮೇಲೊಂದು ಗೀರು... ಗೀರು!

"ವಾಕರಲ್ಲಿ ಗೀರುಗಳು ಒಂದೊಂದು ಒಂದೊಂದು ಕಡೆ ಇವೆ. ಒಂದು ಓರೆ, ಒಂದು ಅಡ್ಡ... ಕುರ್ಚಿಯಲ್ಲಿ ನಾಲ್ಕೂ ನೆಟ್ಟಗೆ ನಿಂತಿವೆ."

"ಬೇರೆ ಕುರ್ಚಿ ನೋಡು."

ಪುಟ್ಟಿ ಸಾಲಿನುದ್ದಕ್ಕೂ ಓಡಿದಳು. ಕುರ್ಚಿ, ವಾಕರು, ಮಂಚ — ನೂರೈವತ್ತೆರಡು ಸ್ಕ್ರೂಗಳ ಗೀರುಗಳೂ ಪ್ರಾರ್ಥನೆಗೆ ನಿಂತ ಶಾಲೆಮಕ್ಕಳ ಹಾಗೆ ಮೇಲಿಂದ ಕೆಳಗೆ ನೆಟ್ಟಗಿದ್ದವು.

"ನಿನ್ನ ಸ್ಕ್ರೂಡ್ರೈವರ್ ತಗೋ" ಎಂದರು ಸರ್ವೇಯರಮ್ಮ ಮಾವನಿಗೆ. "ಒಂದನ್ನ ಬಿಚ್ಚಿ ಮತ್ತೆ ಹಾಕು. ನೀನು ದಿನಾ ಹೇಗೆ ಹಾಕ್ತೀಯೋ ಹಾಗೆ."

ಮಾವ ಕುಕ್ಕರಗಾಲಲ್ಲಿ ಕೂತು ಬಿಚ್ಚಿದ, ಹಾಕಿದ, ಕೊನೆಗೊಂದು ಜಗ್ಗು ಕೊಟ್ಟು ಎದ್ದ. ಗೀರು ಓರೆಯಾಗಿ ನಿಂತಿತ್ತು.

"ಬಿಗಿಯಾದರೆ ಸಾಕಲ್ವಾ?" ಎಂದ, ತಪ್ಪು ಮಾಡಿದವನಂತೆ.

"ಸಾಕಪ್ಪ, ಸಾಕು. ಎಲ್ಲರಿಗೂ ಅಷ್ಟೇ ಸಾಕು. ಮೇಷ್ಟ್ರೇ, ಬೇಕಂದರೆ ನೀವೂ ಒಂದು ತಿರುಗಿಸಿ ನೋಡಿ. ಯಾರು ತಿರುಗಿಸಿದರೂ ಬಿಗಿಯಾದಲ್ಲಿಗೆ ನಿಲ್ಲಿಸ್ತಾರೆ. ಬಿಗಿಯಾದ ಮೇಲೂ ಗೀರನ್ನ ನೆಟ್ಟಗೆ ತಂದು ನಿಲ್ಲಿಸಬೇಕು ಅಂತ ಕೈಗೆ ಅಭ್ಯಾಸ ಇರೋದು ಒಂದು ಬಗೆಯ ಕೆಲಸಗಾರರಿಗೆ ಮಾತ್ರ. ಸುಟ್ಟುಹೋದ ಕಟ್ಟಡಗಳಲ್ಲಿ ನಾನು ಎಷ್ಟು ಸ್ವಿಚ್ ಬೋರ್ಡ್ ನೋಡಿಲ್ಲ! ಹಳೇ ಕಾಲದ ಒಳ್ಳೇ ವೈರಿಂಗ್ ಕೆಲಸದೋರು ಗೀರು ಅಡ್ಡ ಬಿಡ್ತಿರಲಿಲ್ಲ. ಅಡ್ಡ ಬಿಟ್ಟರೆ ಧೂಳು ಕೂರುತ್ತೆ. ಎಲ್ಲಾ ನೆಟ್ಟಗಿದ್ದರೆ, ಯಾವುದಾದರೂ ಸಡಿಲ ಆದಾಗ ದೂರದಿಂದಲೇ ಕಾಣುತ್ತೆ. ಪುಟ್ಟಿ, ಆ ಸ್ವಿಚ್ ಬೋರ್ಡ್ ನೋಡು."

ಬಾಗಿಲ ಪಕ್ಕದಲ್ಲಿ ಕಪ್ಪು ಸ್ವಿಚ್ಚುಗಳ ಹಳೆಯ ಬೋರ್ಡಿತ್ತು. ಹದಿನಾಲ್ಕು ವರ್ಷದಿಂದ ಪುಟ್ಟಿ ದಿನಾ ಅದರ ಮೇಲೆ ಬೆರಳಿಟ್ಟು ದೀಪ ಹಾಕಿದ್ದಳು. ಅದರ ಸ್ಕ್ರೂಗಳ ಗೀರುಗಳೆಲ್ಲ ನೆಟ್ಟಗಿದ್ದವು.

"ಇದನ್ನ ಯಾರು ಹಾಕಿದ್ದು, ಮೇಷ್ಟ್ರೇ?"

"ಇದು... ಇದು ದೊಡ್ಡಮ್ಮನವರ ಮೊದಲ ಕಾರ್ಯಾಗಾರ. ಕಾರ್ಖಾನೆ ಆಗೋಕೆ ಮುಂಚೆ. ಅವರ ಯಜಮಾನರು ತಾವೇ ವೈರಿಂಗ್ ಮಾಡಿದ್ದರಂತೆ. ಅವರು ತೀರಿಕೊಂಡು ಇಪ್ಪತ್ತು ವರ್ಷ ಆಯಿತಲ್ಲ!"

"ಯಜಮಾನರು ಏಣಿ ಮೇಲಿದ್ದಾಗ ಕೆಳಗೆ ಬೋರ್ಡು ಜೋಡಿಸ್ತಿದ್ದೋರು ಯಾರು?"

"ದೊಡ್ಡಮ್ಮನವರೇ ಅಂತೆ..." ಎಂದ ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು. ಟೈಲರ್ ಕೂಡ ಟೇಪು ಸುತ್ತುವುದನ್ನು ನಿಲ್ಲಿಸಿದರು.

"ಕೀಲಿ ಮೂರು" ಎಂದರು ಸರ್ವೇಯರಮ್ಮ ಮೆಲ್ಲಗೆ. "ನೀವು ಎರಡನ್ನೇ ಲೆಕ್ಕ ಹಾಕಿದ್ದೀರಿ. ಕುಕ್ಕರಗಾಲಲ್ಲಿ ಕೂರೋಕೆ ಆಗದ, ಸ್ಟೂಲು ಎಳೆದುಕೊಂಡು ಕೂತ, ಸ್ಕ್ರೂಡ್ರೈವರ್ ಹಿಡಿಯೋದನ್ನ ಇನ್ನೂ ಮರೆಯದ ಕೈ ಅದು. ಆ ಪ್ಲೇಟುಗಳನ್ನ ಬಿಚ್ಚಿದ್ದು ದೊಡ್ಡಮ್ಮನೇ."

"ತಮ್ಮ ಹೆಸರನ್ನ ತಾವೇ?" ಮೇಷ್ಟ್ರ ದನಿ ಏರಿತು. "ಯಾಕೆ? ಬಾಯಿಗೆ ಬಂದದ್ದು ಆಡಬೇಡಿ, ಸರ್ವೇಯರಮ್ಮ!"

"ಯಾಕೆ ಅನ್ನೋದು ಸ್ಕ್ರೂ ನೋಡಿದರೆ ಗೊತ್ತಾಗಲ್ಲ. ಅದನ್ನ ಅವರೇ ಹೇಳಬೇಕು. ಪುಟ್ಟಿ, ಫೋನ್ ಮಾಡು. ಏನನ್ನೂ ಕೇಳಬೇಡ. ಎರಡೇ ಮಾತು ಹೇಳು. ಪ್ಲೇಟಿಲ್ಲ ಅಂತ ಟೈಲರ್ ಹೆಂಡತಿಗೆ ಮಂಚ ಕೊಡ್ತಾ ಇಲ್ಲ. ಮಾವನ ಮೇಲೆ ಪೊಲೀಸರಿಗೆ ಬರೀತಾ ಇದಾರೆ. ಅಷ್ಟೇ."

ಪುಟ್ಟಿ ಅಷ್ಟೇ ಹೇಳಿದಳು. ಆ ಕಡೆಯಿಂದ "ಅಯ್ಯೋ" ಎಂಬ ಒಂದು ಮಾತು. ಫೋನ್ ಇಟ್ಟ ಸದ್ದು.

ದೊಡ್ಡಮ್ಮನ ಮನೆ ಎರಡು ಬೀದಿ ಆಚೆ. ಕಾಲು ಗಂಟೆಯಲ್ಲಿ ಅವರು ಬಾಗಿಲಲ್ಲಿ ನಿಂತಿದ್ದರು — ಕಾರಿಲ್ಲ, ಚಾಲಕನಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ತರಕಾರಿ ತರುವ ಗಾಲಿಚೀಲ. ಚೀಲ ಹೊಸ್ತಿಲು ಹತ್ತುವಾಗ ಒಳಗೆ ಹಿತ್ತಾಳೆ ಗಲಗಲ ಎಂದಿತು. ಏದುಸಿರು ಬಿಡುತ್ತಿದ್ದರು. ಪುಟ್ಟಿ ಸ್ಟೂಲು ತಂದಿಟ್ಟರೂ ಕೂರಲಿಲ್ಲ. ನೇರ ಮಾವನ ಮುಂದೆ ಹೋಗಿ ನಿಂತರು.

"ನಿನ್ನ ಮೇಲೆ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲ ಕಣಪ್ಪ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ತಪ್ಪಾಯ್ತು. ಹೊಟ್ಟೇಲಿ ಹಾಕ್ಕೋ."

ಮಾವ ಕಕ್ಕಾಬಿಕ್ಕಿಯಾಗಿ, "ಬಿಡಿ ದೊಡ್ಡಮ್ಮ, ಬಿಡಿ, ಅದೇನು ಮಹಾ" ಎನ್ನುತ್ತ ಎರಡು ಹೆಜ್ಜೆ ಹಿಂದೆ ಸರಿದ. ಅವನ ಕಣ್ಣಲ್ಲಿ ನೀರಿತ್ತು.

"ಅಮ್ಮಾ, ಯಾಕೆ?" ಎಂದರು ಮೇಷ್ಟ್ರು. ಆ ಕ್ಷಣಕ್ಕೆ ಅವರು ಮೇಷ್ಟ್ರಾಗಿರಲಿಲ್ಲ, ಲೆಕ್ಕ ತಪ್ಪಿದ ಹುಡುಗನಾಗಿದ್ದರು.

ದೊಡ್ಡಮ್ಮ ಈಗ ಕೂತರು.

"ನನಗೊಬ್ಬಳು ತಂಗಿ ಇದಾಳೆ. ನಿಮಗೆ ಗೊತ್ತು. ಮೂರು ತಿಂಗಳ ಹಿಂದೆ ಬಿದ್ದು ಸೊಂಟ ಮುರ್ಕೊಂಡ್ಳು. ಇನ್ನು ನಡೆಯಲ್ಲ ಅಂತ ಹೇಳಿಬಿಟ್ಟಿದಾರೆ. ನಾನು ಇಲ್ಲಿಂದ ಒಂದು ಕುರ್ಚಿ ಕಳಿಸ್ದೆ. ಸಂಜೆಗೆ ವಾಪಸ್ ಬಂತು. ಇನ್ನೊಂದು ಕಳಿಸ್ದೆ. ಅದೂ ವಾಪಸ್ ಬಂತು. ಮೂರು ತಿಂಗಳಿಂದ ಅವಳು ಹಾಸಿಗೆ ಬಿಟ್ಟು ಎದ್ದಿಲ್ಲ, ಅಂಗಳ ನೋಡಿಲ್ಲ. ಹೋದ ಶುಕ್ರವಾರ ಹೋಗಿ ಜಗಳ ಆಡಿದೆ. ಇಷ್ಟು ಹಟ ಯಾಕೆ ನಿನಗೆ, ಊರಿಗೆಲ್ಲ ಆಗೋ ಕುರ್ಚಿ ನಿನಗಾಗಲ್ವಾ ಅಂದೆ."

ಒಂದು ಗುಟುಕು ನೀರು ಕುಡಿದರು.

"ನನಗೆ ಎಂಟು, ಅವಳಿಗೆ ಆರು ವರ್ಷ ಇದ್ದಾಗ ಶಾಲೇಲಿ ಬಡಮಕ್ಕಳಿಗೆ ಚಳಿಗೆ ಕೋಟು ಹಂಚಿದ್ರು. ಒಳ್ಳೇ ದಪ್ಪ ಕೋಟು. ಬೆನ್ನ ಮೇಲೆ, ಕೊಟ್ಟ ಸಾಹುಕಾರರ ಹೆಸರು. ಕೆಂಪು ದಾರದ ಕಸೂತಿ. ನನಗೆ ಸೂಜಿ ಹಿಡಿಯೋಕೆ ಬರ್ತಿತ್ತು. ಮೊದಲ ದಿನವೇ ನನ್ನ ಕೋಟಿನ ಅಕ್ಷರ ಒಂದೊಂದಾಗಿ ಬಿಚ್ಚಿಹಾಕಿದೆ. ಅವಳದನ್ನ ನಾಳೆ ಬಿಚ್ಚಿಕೊಡ್ತೀನಿ ಅಂದೆ. ನಾಳೆ, ನಾಳೆ ಅಂದೆ. ಬಿಚ್ಚಲೇ ಇಲ್ಲ. ಶಾಲೆ ಬಿಡೋ ತನಕ ಹುಡುಗರೆಲ್ಲ ಅವಳನ್ನ ಆ ಸಾಹುಕಾರರ ಹೆಸರು ಹಿಡಿದೇ ಕೂಗಿದ್ರು. ಅವಳ ಹೆಸರು ಅವಳಿಗೇ ಉಳೀಲಿಲ್ಲ. ನಾನು ಇದನ್ನೆಲ್ಲ ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. ಶುಕ್ರವಾರ ಅಂದ್ಲು — ಅಕ್ಕ, ಅವತ್ತು ಯಾರದೋ ಹೆಸರು ಬೆನ್ನ ಮೇಲೆ ಹೊತ್ತೆ. ಸಾಯೋ ಕಾಲಕ್ಕೆ ನಿನ್ನದನ್ನೂ ಹೊರಬೇಕಾ?"

ಪುಟ್ಟಿಗೆ ನೆನಪಾಯಿತು. ಹದಿನಾಲ್ಕು ವರ್ಷದಲ್ಲಿ ಎಷ್ಟು ಜನ ಕುರ್ಚಿ ಒಯ್ಯುವಾಗ ಅದರ ಬೆನ್ನಿಗೊಂದು ಟವೆಲ್ಲು ಹೊದಿಸಿಕೊಂಡು ಹೋಗಿದ್ದರು! ಬಿಸಿಲಿಗೆ ಇರಬೇಕು ಅಂದುಕೊಂಡಿದ್ದಳು.

"ಒಂದೇ ಒಂದು ಕುರ್ಚಿದು ಬಿಚ್ಚೋಣ ಅಂತ ನಿನ್ನೆ ಮಧ್ಯಾಹ್ನ ಬಂದೆ" ಎಂದರು ದೊಡ್ಡಮ್ಮ. "ಬಿಚ್ಚಿದೆ. ಪಕ್ಕದ ಕುರ್ಚಿ ಕಣ್ಣಿಗೆ ಬಿತ್ತು. ಇದರಲ್ಲಿ ಕೂರೋಳೂ ಯಾರಿಗೋ ತಂಗೀನೇ ಅಲ್ವಾ ಅನ್ನಿಸ್ತು. ಅದನ್ನೂ ಬಿಚ್ಚಿದೆ. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ಮುಗಿಯೋ ಹೊತ್ತಿಗೆ ಐದೂವರೆ."

"ನಮಗೊಂದು ಮಾತು ಹೇಳಿದ್ದರೆ ನಾವೇ ತೆಗೀತಿದ್ದೆವಲ್ಲಮ್ಮ!"

"ನಾಚಿಕೆ, ಮೇಷ್ಟ್ರೇ. ಪ್ಲೇಟು ಬೇಕು ಅಂತ ಹಟ ಹಿಡಿದೋಳು ನಾನು. ಹೋದ ವರ್ಷ ಸಭೇಲಿ ಇವನು" — ಮಾವನ ಕಡೆ ಕೋಲು ತೋರಿಸಿದರು — "ಹೆಸರು ಯಾಕೆ, ನಂಬರನ್ನ ಅಡೀಲಿ ಕೊರೆದರೆ ಸಾಕಲ್ವಾ ಅಂದಾಗ ಬೈದು ಕೂರಿಸಿದೋಳೂ ನಾನು. ತಪ್ಪಾಯ್ತು ಅಂತ ಅಷ್ಟು ಜನರ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ಕಳ್ಳತನ ಆಯ್ತು ಅಂತ ನಾಲ್ಕು ದಿನ ಮಾತಾಡ್ತಾರೆ, ಆಮೇಲೆ ಎಲ್ಲ ತಣ್ಣಗಾಗುತ್ತೆ ಅಂದ್ಕೊಂಡೆ. ಪ್ಲೇಟಿಲ್ಲದೆ ಏನೂ ಕೊಡಬಾರದು ಅಂತ ನಾನೇ ಬರೆದಿದ್ದು ಮರೆತುಹೋಗಿತ್ತು."

"ನಾನು ಮರೆತಿರಲಿಲ್ಲ" ಎಂದರು ಮೇಷ್ಟ್ರು ಕ್ಷೀಣವಾಗಿ.

"ನೀವೆಲ್ಲಿ ಮರೀತೀರಿ!" ಎಂದು ದೊಡ್ಡಮ್ಮ ನಕ್ಕಾಗ, ಬೆಳಗಿನಿಂದ ಬಿಗಿದುಕೊಂಡಿದ್ದ ಉಸಿರು ಆ ಕೋಣೆಯಲ್ಲಿ ಎಲ್ಲರಿಗೂ ಸಡಿಲಾಯಿತು.

ಮುಂದಿನದೆಲ್ಲ ಬೇಗ ಆಯಿತು. ಕೊಟ್ಟವರು ತಮ್ಮ ಕೈಬರಹದಲ್ಲಿ ಯಾವ ನಿಯಮವನ್ನೂ ಬದಲಾಯಿಸಬಹುದೆಂದು ನಿಯಮ ಹನ್ನೊಂದು ಹೇಳುತ್ತದೆಂದು ಮೇಷ್ಟ್ರೇ ನೆನಪಿಸಿದರು. ದೊಡ್ಡಮ್ಮ ಏಳನ್ನು ಹೊಡೆದುಹಾಕಿ ಸಹಿ ಹಾಕಿದರು. ಮಾವ ಟೈಲರಿಗೆ ಕೊಡಬೇಕಿದ್ದ ಮಂಚವನ್ನು ಬಿಡಿಸಿ, ಅದರ ಕಾಲಿನ ಅಡಿಯಲ್ಲಿ ನಂಬರು ಕೊರೆದು, ಕುರ್ಚಿಯ ಜೊತೆ ಗಾಡಿಗೆ ಏರಿಸಿದ. ಹನ್ನೆರಡು ಹೊಡೆಯುವ ಮುಂಚೆ ಟೈಲರ್ ಗಾಡಿಯ ಹಿಂದೆ ಮಂಚ ಹಿಡಿದು ಕೂತು ಹೊರಟರು.

ದೊಡ್ಡಮ್ಮ ಹೊರಡಲಿಲ್ಲ. ಕೌಂಟರಿನ ಈಚೆ, ಕೇಳಿಕೊಂಡು ಬರುವವರು ನಿಲ್ಲುವ ಜಾಗದಲ್ಲಿ ಬಂದು ನಿಂತರು.

"ನನಗೂ ಒಂದು ಕುರ್ಚಿ ಬೇಕಮ್ಮ, ಪುಟ್ಟಿ. ಎಲ್ಲರ ಹಾಗೆ ಬರೆದುಕೊಂಡು ಕೊಡು. ಕೊಡೋಳಾಗಿ ಒಯ್ದರೆ ಅವಳು ಮತ್ತೆ ವಾಪಸ್ ಕಳಿಸ್ತಾಳೆ. ಕೇಳಿ ತಂದೆ ಅಂತ ಹೇಳ್ತೀನಿ."

ಪುಟ್ಟಿ ಅರ್ಜಿ ತೆಗೆದಳು. ಯಾರಿಗೆ? ತಂಗಿಗೆ. ಏನಾಗಿದೆ? ಸೊಂಟ. ಎಷ್ಟು ದಿನಕ್ಕೆ? "ಅವಳು ಇರೋ ತನಕ" ಎಂದರು ದೊಡ್ಡಮ್ಮ. ಪುಟ್ಟಿ ಹಾಗೇ ಬರೆದಳು. ಮೇಷ್ಟ್ರು ಅರ್ಜಿ ತೆಗೆದುಕೊಂಡು, ಓದಿ, ಗಂಟಲು ಸರಿಮಾಡಿಕೊಂಡರು. ಮುಖ ಕೆಂಪಾಗಿತ್ತು.

"ಹೊಣೆಗಾರರ ಸಹಿ ಬೇಕು, ಅಮ್ಮ."

"ಮೇಷ್ಟ್ರೇ!" ಎಂದಳು ಪುಟ್ಟಿ.

"ಬೇಕೇ ಬೇಕು. ಒಯ್ಯೋರೆಲ್ಲರಿಗೂ ಒಬ್ಬರು ಹೊಣೆ ನಿಲ್ಲಬೇಕು" ಎಂದ ದೊಡ್ಡಮ್ಮ, ಅರ್ಜಿಯನ್ನು ತೆಗೆದುಕೊಂಡು ಮಾವನ ಮುಂದೆ ಹಿಡಿದರು. "ನನ್ನ ಮೇಲೆ ಇನ್ನೂ ನಂಬಿಕೆ ಇದ್ದರೆ, ನೀನು ನಿಲ್ತೀಯಾ?"

ಮಾವ ಅಲುಗಾಡಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅವನ ಸಹಿಯನ್ನು ಯಾರೂ ಕೇಳಿರಲಿಲ್ಲ. ಮನೆ ಬಾಡಿಗೆಗೆ ಹಿಡಿಯುವಾಗಲೂ ಪುಟ್ಟಿಯೇ ಸಹಿ ಹಾಕಿದ್ದಳು. ಅವನು ಅಂಗಿಗೆ ಎರಡು ಸಲ ಕೈ ಒರೆಸಿಕೊಂಡ. ಮೇಷ್ಟ್ರು ತಮ್ಮ ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗೆ ಕೊಟ್ಟರು.

"ಕುರ್ಚಿ ಏನಾದರೂ ಆದರೆ ನನ್ನನ್ನ ಹಿಡೀತಾರೆ ದೊಡ್ಡಮ್ಮ, ನೋಡ್ಕೊಳ್ಳಿ" ಎಂದು ಹೇಳಿ, ಕೌಂಟರಿಗೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದ. ಮೇಷ್ಟ್ರು ಅದನ್ನು ಓದಿದರು. ಮೊಹರನ್ನು ಶಾಯಿಗೆ ಒತ್ತಿ, ಆ ಹೆಸರಿನ ಪಕ್ಕದಲ್ಲಿ 'ಹೊಣೆಗಾರರನ್ನು ಒಪ್ಪಿದೆ' ಎಂದು ಹಾಕಿದರು.